ಇವತ್ತು ಪೇಪರ್ ಬಂದಿಲ್ಲ

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು 2002ರಲ್ಲಿ ಈ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿದವರು, ಬಿ.ಇ. ಪದವೀಧರರು; ಈಗ ಸಾಫ್ಟ್‌ವೇರ್ ಇಂಜಿನಿಯರ್.)



ಸಮಿತಿಯವರು ಫೋನ್ ಮಾಡಿ, "ನೀನು ಸಾಫ್ಟ್‌ವೇರ್‌ನವನು, ಕಂಪ್ಯೂಟರ್ ಬಗ್ಗೆ ಏನಾದರೂ ಹೇಳು, ಮಕ್ಕಳಿಗೆ ಸ್ಫೂರ್ತಿಯಾಗಲಿ" ಎಂದಿದ್ದರು. ನಾನು ಒಪ್ಪಿಕೊಂಡೆ. ಆದರೆ ಬರೆಯಲು ಕೂತಾಗ ಬೇರೆಯದೇ ವಿಷಯ ಬಂತು. ನಾನು ಇವತ್ತು ನಾನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಹುಟ್ಟಿದ ಸುದ್ದಿ ಪತ್ರಿಕೆಗಳ ಬಗ್ಗೆ, ಅವು ಯುದ್ಧದ ಸುದ್ದಿಯನ್ನು ಹೇಗೆ ಹೇಳುತ್ತಿದ್ದವು ಎಂಬುದರ ಬಗ್ಗೆ ಮಾತಾಡುತ್ತೇನೆ. ಇದಕ್ಕೂ ನಮ್ಮ ಶಾಲೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಈ ಅಂಗಳದಲ್ಲೇ ಇದೆ. ಅಗೋ, ಆ ಧ್ವಜಸ್ತಂಭದ ಹತ್ತಿರ.

1999ರ ಜುಲೈ ತಿಂಗಳು. ನಾನು ಎಂಟನೇ ಕ್ಲಾಸು. ಕಾರ್ಗಿಲ್ ಯುದ್ಧ ನಡೆಯುತ್ತಿತ್ತು. ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಒಬ್ಬರು ದಿನದ ವಾರ್ತೆ ಓದುವುದು ನಮ್ಮಲ್ಲಿ ಪದ್ಧತಿ. ಪೇಪರ್ ತಾಲ್ಲೂಕಿನಿಂದ ಮೊದಲ ಬಸ್ಸಿಗೆ ಬರುತ್ತಿತ್ತು. ಆ ದಿನ ನನ್ನ ಸರದಿ. ರಾತ್ರಿಯೆಲ್ಲ ಮಳೆ ಬಿದ್ದು ಹಳ್ಳ ತುಂಬಿತ್ತು, ಬಸ್ಸು ಬರಲಿಲ್ಲ, ಪೇಪರೂ ಬರಲಿಲ್ಲ. ಆದರೆ ನನಗೆ ಮೈಕಿನ ಮುಂದೆ ನಿಲ್ಲುವ ಆಸೆ. ಶಾಲೆಗೆ ಬರುವಾಗ ಹೋಟೆಲ್ ಕಟ್ಟೆಯ ಮೇಲೆ ಯಾರೋ ಆಡಿದ್ದ ಮಾತು ಕಿವಿಗೆ ಬಿದ್ದಿತ್ತು. ಅದನ್ನೇ ಗಟ್ಟಿ ದನಿಯಲ್ಲಿ, ರೇಡಿಯೋದವರ ಶೈಲಿಯಲ್ಲಿ ಹೇಳಿದೆ: ಕಾರ್ಗಿಲ್‌ನಲ್ಲಿ ನಮ್ಮ ಪಕ್ಕದ ಊರಿನ ಯೋಧರೊಬ್ಬರು ವೀರಮರಣ ಹೊಂದಿದ್ದಾರೆ.

ಹತ್ತನೇ ಕ್ಲಾಸಿನ ಹುಡುಗಿಯರ ಸಾಲಿನಲ್ಲಿ ಆ ಊರಿನ ಒಬ್ಬ ಅಕ್ಕ ನಿಂತಿದ್ದರು. ಅವರ ಅಣ್ಣ ಸೈನ್ಯದಲ್ಲಿದ್ದರು. ಅವರು ಕೂಗಲಿಲ್ಲ, ಅಳಲಿಲ್ಲ. ಒದ್ದೆ ನೆಲದ ಮೇಲೆ ಹಾಗೆಯೇ ಕೂತುಬಿಟ್ಟರು. ಇಬ್ಬರು ಮೇಡಂಗಳು ಅವರನ್ನು ಮನೆಗೆ ಕರೆದುಕೊಂಡು ಹೋದರು. ಆಗ ಮನೆಮನೆಗೆ ಫೋನ್ ಇರಲಿಲ್ಲ. ಒಂಬತ್ತು ದಿನಗಳ ನಂತರ ಅವರ ಅಣ್ಣನದೇ ಇನ್‌ಲ್ಯಾಂಡ್ ಪತ್ರ ಬಂತು. ಅವರು ಕಾರ್ಗಿಲ್‌ನಲ್ಲಿ ಇರಲೇ ಇಲ್ಲ, ಕ್ಷೇಮವಾಗಿದ್ದರು. ಆದರೆ ಆ ಒಂಬತ್ತು ದಿನ ಆ ತಾಯಿ ಸರಿಯಾಗಿ ಒಲೆ ಹಚ್ಚಲಿಲ್ಲವಂತೆ.

ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ನನಗೆ ಹೊಡೆಯಲಿಲ್ಲ. ಸ್ಟಾಫ್ ರೂಮಿಗೆ ಕರೆಸಿ ಮೂರು ಪ್ರಶ್ನೆ ಕೇಳಿದರು. "ಸುದ್ದಿ ಎಲ್ಲಿಂದ ಬಂತು? ಯಾವ ದಿನದ್ದು? ಯಾರು ಹೇಳಿದ್ದು?" ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರು ಹೇಳಿದ ಮಾತು ಇದು: "ಬಸ್ಸು ಬಂದಿಲ್ಲ, ಇವತ್ತು ಪೇಪರ್ ಇಲ್ಲ ಅಂತ ಹೇಳಿದ್ದಿದ್ರೆ ಅದೂ ಒಂದು ವಾರ್ತೇನೇ ಆಗ್ತಿತ್ತಲ್ಲೋ."

ಆ ಮಾತಿನ ಅರ್ಥ ನನಗೆ ಪೂರ್ತಿ ತಿಳಿದಿದ್ದು ಹದಿನೇಳು ವರ್ಷಗಳ ಮೇಲೆ.

2016ರಲ್ಲಿ ಕಂಪನಿಯ ಕೆಲಸದ ಮೇಲೆ ಕೆಲವು ತಿಂಗಳು ಜರ್ಮನಿಯ ಕಾರ್ಲ್ಸ್‌ರೂಹೆ ಎಂಬ ಊರಿನಲ್ಲಿದ್ದೆ. ಒಂದು ಭಾನುವಾರ ರೈಲು ಹತ್ತಿ, ರೈನ್ ನದಿ ದಾಟಿ, ಫ್ರಾನ್ಸಿಗೆ ಸೇರಿದ ಸ್ಟ್ರಾಸ್‌ಬರ್ಗ್ ನೋಡಲು ಹೋದೆ. ಅಲ್ಲಿ ಒಂದು ಚೌಕದಲ್ಲಿ ಮುದ್ರಣಯಂತ್ರದ ಗುಟೆನ್‌ಬರ್ಗ್‌ನ ಪ್ರತಿಮೆ ಇದೆ. ಜೊತೆಗಿದ್ದ ಸಹೋದ್ಯೋಗಿ, "ಜಗತ್ತಿನ ಮೊದಲ ಮುದ್ರಿತ ವಾರಪತ್ರಿಕೆ ಹೊರಟಿದ್ದೂ ಇದೇ ಊರಿನಿಂದ" ಎಂದ. ಅಲ್ಲಿಂದ ಶುರುವಾದ ಕುತೂಹಲ ಇದು. ನಾನು ಇತಿಹಾಸಕಾರನಲ್ಲ. ರಾತ್ರಿ ಕೆಲಸ ಮುಗಿದ ಮೇಲೆ ಓದಿ ತಿಳಿದುಕೊಂಡವನು.

ಆ ಪತ್ರಿಕೆ ಹೊರಡಿಸಿದವನು ಯೋಹಾನ್ ಕಾರೋಲಸ್. ಅವನು ಮೊದಲು ಕೈಬರಹದ ಸುದ್ದಿ ಮಾರುತ್ತಿದ್ದ. ಅಂಚೆಯವರು ತರುತ್ತಿದ್ದ ಪತ್ರಗಳಿಂದ ಸುದ್ದಿ ಆರಿಸಿ, ಕೈಯಲ್ಲೇ ನಕಲು ಮಾಡಿ, ದುಡ್ಡು ಕೊಡುವ ಕೆಲವು ಶ್ರೀಮಂತರಿಗೆ ವಾರಕ್ಕೊಮ್ಮೆ ಕಳಿಸುವುದು ಅವನ ಕಸುಬು. ಆಮೇಲೆ ಒಂದು ಮುದ್ರಣಾಲಯ ಕೊಂಡ. 1605ರಲ್ಲಿ ನಗರದ ಆಡಳಿತ ಮಂಡಳಿಗೆ ಒಂದು ಅರ್ಜಿ ಹಾಕಿದ. ಕೈಯಲ್ಲಿ ಬರೆಯುವುದು ನಿಧಾನ, ಅದಕ್ಕೇ ಈಗ ಅಚ್ಚು ಹಾಕುತ್ತಿದ್ದೇನೆ, ಹನ್ನೆರಡು ಸಲ ಆಗಿದೆ, ಬೇರೆಯವರು ಇದನ್ನು ನಕಲು ಹೊಡೆಯದಂತೆ ರಕ್ಷಣೆ ಕೊಡಿ ಎಂಬುದು ಅರ್ಜಿಯ ಸಾರ. ಮಂಡಳಿ ಅರ್ಜಿಯನ್ನು ತಿರಸ್ಕರಿಸಿತು. ಆದರೆ ಆ ಅರ್ಜಿಯಿಂದಲೇ ನಮಗೆ ಇವತ್ತು ಪತ್ರಿಕೆ 1605ರಲ್ಲೇ ಇತ್ತು ಎಂದು ಗೊತ್ತಾಗುವುದು. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಸಂಚಿಕೆಗಳು 1609ರವು, ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಆ ವರ್ಷದ ಒಂದು ಸಂಚಿಕೆಯಲ್ಲಿ, ದೂರದ ವಸ್ತುವನ್ನು ಹತ್ತಿರ ತೋರಿಸುವ ಉಪಕರಣ ಮಾಡಿದ್ದಕ್ಕೆ ಗೆಲಿಲಿಯೋ ಎಂಬ ಗಣಿತದ ಅಧ್ಯಾಪಕನ ಸಂಬಳ ಹೆಚ್ಚಾಯಿತು ಎಂದು ವೆನಿಸ್ಸಿನಿಂದ ಬಂದ ಸುದ್ದಿಯೂ ಇದೆ.

ಆ ಪುಟಗಳನ್ನು ಇಂಟರ್ನೆಟ್ಟಿನಲ್ಲಿ ನೋಡಿದಾಗ ನನಗೆ ಮೊದಲು ನಿರಾಸೆಯಾಯಿತು. ದೊಡ್ಡ ತಲೆಬರಹ ಇಲ್ಲ, ಸಂಪಾದಕೀಯ ಇಲ್ಲ. ಸುಮ್ಮನೆ ಒಂದು ಊರಿನ ಹೆಸರು, ಒಂದು ತಾರೀಖು, ಅದರ ಕೆಳಗೆ ಆ ಊರಿನಿಂದ ಬಂದ ಸುದ್ದಿ. ಮತ್ತೆ ಇನ್ನೊಂದು ಊರು, ಇನ್ನೊಂದು ತಾರೀಖು. ಪ್ರಾಗ್, ವಿಯೆನ್ನಾ, ವೆನಿಸ್, ರೋಮ್. ಅಂಚೆ ಬಂದ ಹಾಗೆ ಅಚ್ಚುಮೊಳೆ ಜೋಡಿಸುತ್ತಿದ್ದರು. ಒಂದೇ ಘಟನೆ ಒಂದೇ ಪತ್ರಿಕೆಯಲ್ಲಿ ಎರಡು ಕಡೆ ಎರಡು ರೀತಿ ಬಂದರೂ ಹಾಗೆಯೇ ಬಿಡುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ಇದು ಮೇಷ್ಟ್ರ ಪ್ರಶ್ನೆಯೇ ಅಲ್ಲವೇ? ಎಲ್ಲಿಂದ ಬಂತು, ಯಾವ ದಿನದ್ದು.

ಈಗ ಯುದ್ಧಕ್ಕೆ ಬರೋಣ. 1618ರ ಮೇ ತಿಂಗಳಲ್ಲಿ ಪ್ರಾಗ್ ನಗರದ ಅರಮನೆಯ ಕಿಟಕಿಯಿಂದ ಚಕ್ರವರ್ತಿಯ ಇಬ್ಬರು ಅಧಿಕಾರಿಗಳನ್ನೂ ಒಬ್ಬ ಕಾರ್ಯದರ್ಶಿಯನ್ನೂ ಹೊರಕ್ಕೆ ಎಸೆದರು. ಮೂವರೂ ಬದುಕಿದರು. ಆದರೆ ಅಲ್ಲಿಂದ ಶುರುವಾದ ಯುದ್ಧ 1648ರವರೆಗೆ, ಮೂವತ್ತು ವರ್ಷ ನಡೆಯಿತು. ಜನಕ್ಕೆ ಸುದ್ದಿಯ ಹಸಿವು ಹೆಚ್ಚಿತು. ಮಗ ಸೈನ್ಯದಲ್ಲಿದ್ದವರಿಗೆ ಬೇಕು, ಸರಕು ಆ ದಾರಿಯಲ್ಲಿ ಹೋಗಬೇಕಾದ ವ್ಯಾಪಾರಿಗೆ ಬೇಕು, ತನ್ನ ಧರ್ಮದವರು ಗೆದ್ದರೋ ಸೋತರೋ ತಿಳಿಯಬೇಕಾದವರಿಗೆ ಬೇಕು. ಅದೇ 1618ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡಾಮ್‌ನಲ್ಲಿ ಡಚ್ ಭಾಷೆಯ ಪತ್ರಿಕೆ ಶುರುವಾಯಿತು. ಇಂಥ ಹಾಳೆಗಳಿಗೆ ಕೊರಾಂಟೋ ಎಂದು ಹೆಸರು.

1620ರ ಡಿಸೆಂಬರ್ 2ರಂದು ಆಮ್‌ಸ್ಟರ್‌ಡಾಮ್‌ನಲ್ಲಿ ಪೀಟರ್ ವಾನ್ ಡೆನ್ ಕೀರೆ ಎಂಬವನು ಇಂಗ್ಲಿಷಿನಲ್ಲಿ ಒಂದು ಕೊರಾಂಟೋ ಹೊರಡಿಸಿದ. ಅವನು ಮೂಲತಃ ನಕ್ಷೆ ಕೆತ್ತುವವನು. ಇಂಗ್ಲಿಷ್ ಭಾಷೆಯಲ್ಲಿ ಇವತ್ತಿಗೆ ಉಳಿದಿರುವ ಮೊದಲ ಸುದ್ದಿ ಪತ್ರಿಕೆ ಅದು. ಒಂದೇ ಹಾಳೆ. ಮಕ್ಕಳೇ, ಆ ಪತ್ರಿಕೆಯ ಮೊದಲ ವಾಕ್ಯ ಏನು ಹೇಳುತ್ತದೆ ಗೊತ್ತೇ? ಇಟಲಿಯಿಂದ ಬರಬೇಕಾದ ಸುದ್ದಿ ಇನ್ನೂ ಬಂದಿಲ್ಲ ಎಂದು ಹೇಳುತ್ತದೆ!

ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಬಸ್ಸು ಬಂದಿಲ್ಲ, ಪೇಪರ್ ಇಲ್ಲ. ಮೇಷ್ಟ್ರು ನನ್ನಿಂದ ಬಯಸಿದ್ದ ವಾರ್ತೆಯನ್ನು ಆ ಪುಣ್ಯಾತ್ಮ 1620ರಲ್ಲೇ ಅಚ್ಚು ಹಾಕಿದ್ದ.

ಅದರ ನಂತರ ನವೆಂಬರ್ 6ರ ತಾರೀಖಿನ ವಿಯೆನ್ನಾದ ಸುದ್ದಿ ಇದೆ. ಮುಂದೆ ಹೋದರೆ ನ್ಯೂರೆಂಬರ್ಗ್‌ನಿಂದ ಬಂದ ಪತ್ರಗಳ ವಿಷಯ ಬರುತ್ತದೆ. ಪ್ರಾಗ್ ಹತ್ತಿರ ಭಾರೀ ಯುದ್ಧವಾಗಿದೆಯಂತೆ, ಎರಡೂ ಕಡೆ ಸಾವಿರಾರು ಜನ ಸತ್ತಿದ್ದಾರಂತೆ, ಆದರೆ ಬವೇರಿಯಾದ ದೊರೆಯ ಜನ ಪ್ರಾಗ್ ಒಳಗೆ ಹೊಕ್ಕಿದ್ದಾರೆಯೇ ಎಂಬುದು ಇನ್ನೂ ಖಚಿತವಿಲ್ಲ, ಏಕೆಂದರೆ ದಾರಿಗಳನ್ನೆಲ್ಲ ಕಾವಲು ಹಾಕಿ ಮುಚ್ಚಿದ್ದಾರೆ, ಎಂಬುದು ಆ ಸುದ್ದಿ. ಸುದ್ದಿ ಗೊತ್ತಿಲ್ಲ ಎನ್ನುವುದರ ಜೊತೆಗೆ ಏಕೆ ಗೊತ್ತಿಲ್ಲ ಎಂಬುದನ್ನೂ ಹೇಳಿದ್ದಾರೆ ನೋಡಿ.

ನಿಜವಾಗಿ ಆಗಿದ್ದೇನು? ಪ್ರಾಗ್ ಪಕ್ಕದ ವೈಟ್ ಮೌಂಟನ್ ಎಂಬ ಗುಡ್ಡದ ಮೇಲೆ ನವೆಂಬರ್ 8ರಂದೇ ಕದನ ನಡೆದಿತ್ತು. ಒಂದೆರಡು ಗಂಟೆಗಳಲ್ಲೇ ಬೊಹೇಮಿಯಾದ ಸೈನ್ಯ ಸೋತಿತ್ತು. ಅಲ್ಲಿನ ರಾಜ ಫ್ರೆಡರಿಕ್ ಪ್ರಾಗ್ ಬಿಟ್ಟು ಓಡಿದ್ದ. ಇಪ್ಪತ್ತನಾಲ್ಕು ದಿನ ಕಳೆದ ಮೇಲೂ ಆಮ್‌ಸ್ಟರ್‌ಡಾಮ್‌ನ ಮುದ್ರಕನಿಗೆ ಅದು ಖಚಿತವಾಗಿರಲಿಲ್ಲ. ಫ್ರೆಡರಿಕ್ಕನ ಹೆಂಡತಿ ಎಲಿಜಬೆತ್, ಇಂಗ್ಲೆಂಡಿನ ರಾಜ ಜೇಮ್ಸ್‌ನ ಮಗಳು. ಹಾಗಾಗಿ ಲಂಡನ್ನಿನ ಜನಕ್ಕೆ ಇದು ತಮ್ಮ ಮನೆಮಗಳ ಸುದ್ದಿ. ಒಂದು ರೋಚಕ ಕಥೆ ಕಟ್ಟಿ ಮಾರಿದ್ದರೆ ಬಿಸಿ ದೋಸೆಯಂತೆ ಖರ್ಚಾಗುತ್ತಿತ್ತು. ಅವನು ಮಾತ್ರ ಖಚಿತವಿಲ್ಲ ಎಂದು ಬರೆದ.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳುತ್ತೇನೆ, ಸಮಿತಿಯವರಿಗೂ ಸಮಾಧಾನವಾಗಲಿ. ನಾವು ಲಕ್ಷಾಂತರ ಸಂದೇಶಗಳನ್ನು ಸಂಸ್ಕರಿಸುವ ಪ್ರೋಗ್ರಾಮ್ ಬರೆಯುವಾಗ ಪ್ರತಿ ಸಂದೇಶಕ್ಕೂ ಎರಡು ಸಮಯ ಇಡುತ್ತೇವೆ. ಒಂದು, ಘಟನೆ ನಡೆದ ಸಮಯ. ಇನ್ನೊಂದು, ಅದು ನಮಗೆ ತಲುಪಿದ ಸಮಯ. ಇವೆರಡನ್ನು ಕಲಸಿದರೆ ಲೆಕ್ಕವೆಲ್ಲ ತಪ್ಪುತ್ತದೆ. ನಿನ್ನೆ ಕಟ್ಟಿದ ಹಣ ಇವತ್ತಿನದಾಗುತ್ತದೆ, ಮುಗಿದ ಕೆಲಸ ಮತ್ತೆ ಶುರುವಾಗುತ್ತದೆ. ಇದನ್ನು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದೊಡ್ಡ ಆಧುನಿಕ ವಿದ್ಯೆ ಎಂದುಕೊಂಡಿದ್ದೆ. ಕಾರೋಲಸ್‌ನ ಹಾಳೆಯಲ್ಲಿ ಅದು ಆಗಲೇ ಇತ್ತು. ಪ್ರತಿ ಸುದ್ದಿಯ ನೆತ್ತಿಯ ಮೇಲೆ ಅದು ಹೊರಟ ಊರು, ಹೊರಟ ದಿನ. ಓದುವವನು ತನ್ನ ಕೈಗೆ ಬಂದ ದಿನವನ್ನು ತಾನೇ ಲೆಕ್ಕ ಹಾಕಿ, ಇದು ಎಷ್ಟು ಹಳೆಯದು, ಎಷ್ಟು ನಂಬಬಹುದು ಎಂದು ತೀರ್ಮಾನಿಸುತ್ತಿದ್ದ.

ಆ ಮುದ್ರಕರೆಲ್ಲ ಸತ್ಯಹರಿಶ್ಚಂದ್ರರು ಎಂದು ನಾನು ಹೇಳುತ್ತಿಲ್ಲ. ಅವರು ವ್ಯಾಪಾರಿಗಳು. ತಪ್ಪು ಸುದ್ದಿ ಸಾಕಷ್ಟು ಅಚ್ಚಾಗಿದೆ. ರಾಜರೂ ಸುಮ್ಮನೆ ಕೂರಲಿಲ್ಲ. ಆ ಇಂಗ್ಲಿಷ್ ಹಾಳೆ ಬಂದ ತಿಂಗಳೊಳಗೆ, 1620ರ ಡಿಸೆಂಬರ್ 24ರಂದು, ರಾಜ್ಯದ ವಿಚಾರಗಳ ಬಗ್ಗೆ ಜನ ಬಾಯಿಗೆ ಬಂದಂತೆ ಮಾತಾಡಬಾರದು ಎಂದು ಜೇಮ್ಸ್ ರಾಜ ಫರ್ಮಾನು ಹೊರಡಿಸಿದ. 1621ರಲ್ಲಿ ಕೊರಾಂಟೋ ಪ್ರಕಟಿಸಿದ್ದಕ್ಕೆ ಲಂಡನ್ನಿನ ಥಾಮಸ್ ಆರ್ಚರ್ ಎಂಬ ಪುಸ್ತಕ ವ್ಯಾಪಾರಿ ಜೈಲು ಸೇರಿದ. 1632ರಲ್ಲಿ ಕೊರಾಂಟೋಗಳನ್ನೇ ನಿಷೇಧಿಸಿದರು. ಫ್ರಾನ್ಸಿನವರು ಇನ್ನೂ ಜಾಣರು. ಅಲ್ಲಿ 1631ರಲ್ಲಿ ರೆನೊಡೊ ಎಂಬ ವೈದ್ಯ ಶುರು ಮಾಡಿದ 'ಗೆಜೆಟ್' ಪತ್ರಿಕೆಗೆ ರಾಜ ಮತ್ತು ಮಂತ್ರಿ ರಿಷಲ್ಯೂ ತಾವೇ ಬರೆದು ಕೊಡುತ್ತಿದ್ದರು! ಬಾಯಿ ಮುಚ್ಚಿಸುವುದು ಒಂದು ದಾರಿ, ತಾನೇ ಮಾತಾಡುವುದು ಇನ್ನೊಂದು ದಾರಿ.

1642ರಲ್ಲಿ ಇಂಗ್ಲೆಂಡಿನಲ್ಲೇ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾದಾಗ ಪತ್ರಿಕೆಗಳೂ ಎರಡು ಪಕ್ಷವಾದವು. 1643ರಲ್ಲಿ ಆಕ್ಸ್‌ಫರ್ಡಿನಿಂದ ರಾಜನ ಪರವಾಗಿ 'ಮರ್ಕ್ಯುರಿಯಸ್ ಆಲಿಕಸ್', ಅದಕ್ಕೆ ಉತ್ತರವಾಗಿ ಲಂಡನ್ನಿನಿಂದ 'ಮರ್ಕ್ಯುರಿಯಸ್ ಬ್ರಿಟಾನಿಕಸ್'. ಎರಡನೆಯದಕ್ಕೆ ಬರೆಯುತ್ತಿದ್ದ ಮಾರ್ಚ್‌ಮಾಂಟ್ ನೀಡಮ್ ಎಂಬ ಚುರುಕು ಲೇಖನಿಯವನು ಮೊದಲು ಪಾರ್ಲಿಮೆಂಟಿನ ಪರ ಬರೆದ, ಆಮೇಲೆ ರಾಜನ ಪರ ಬರೆದ, ರಾಜನ ತಲೆ ಹೋದ ಮೇಲೆ ಗಣರಾಜ್ಯದ ಪರ ಬರೆದ. ಸುದ್ದಿಯ ನೆತ್ತಿಯ ಮೇಲಿದ್ದ ಊರು ತಾರೀಖಿಗಿಂತ ನೀನು ಯಾರ ಕಡೆಯವನು ಎಂಬುದೇ ಈಗ ಮುಖ್ಯವಾಯಿತು.

ಬೇಕಾದ ಸುದ್ದಿಯನ್ನು ಬೇಗ ನಂಬುವುದು ಎಷ್ಟು ಸುಲಭ ಎಂಬುದಕ್ಕೆ ಅದೇ ಯುದ್ಧದ ಒಂದು ಉದಾಹರಣೆ. 1644ರ ಜುಲೈ 2ರಂದು ಮಾರ್ಸ್ಟನ್ ಮೂರ್ ಎಂಬಲ್ಲಿ ದೊಡ್ಡ ಕದನವಾಯಿತು. ಪಾರ್ಲಿಮೆಂಟ್ ಕಡೆಯ ಇಬ್ಬರು ಹಿರಿಯ ಸೇನಾಪತಿಗಳೇ ಸೋತೆವೆಂದು ತಿಳಿದು ಓಡಿಹೋದರು. ಓಡಿದವರ ಬಾಯಿಂದ ಸುದ್ದಿ ಹರಡಿತು. ಆಕ್ಸ್‌ಫರ್ಡಿನಲ್ಲಿ ರಾಜನ ಕಡೆಯವರು ಗೆದ್ದೆವೆಂದು ಬೀದಿಯಲ್ಲಿ ಬೆಂಕಿ ಹಚ್ಚಿ ಸಂಭ್ರಮಿಸಿದರು. ನಿಜವಾಗಿ ಅಂದು ಸೋತವರು ಅವರೇ. ಓಡಿ ಬಂದವನು ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ಅವನು ತಾನು ಕಂಡಷ್ಟನ್ನೇ ಹೇಳಿದ್ದ. ಆದರೆ ಅವನು ಹೊರಟ ಮೇಲೂ ಯುದ್ಧ ನಡೆಯುತ್ತಿತ್ತು. ಎರಡು ಸಮಯ ಎಂದೆನಲ್ಲ, ಅದರ ಬೆಲೆ ಇದು.

ಇನ್ನೊಂದೇ ಪತ್ರಿಕೆಯ ವಿಷಯ ಹೇಳಿ ಮುಗಿಸುತ್ತೇನೆ. 1690ರ ಸೆಪ್ಟೆಂಬರ್ 25ರಂದು ಅಮೆರಿಕದ ಬಾಸ್ಟನ್‌ನಲ್ಲಿ ಬೆಂಜಮಿನ್ ಹ್ಯಾರಿಸ್ ಎಂಬವನು ಒಂದು ಪತ್ರಿಕೆ ತಂದ. ಅಲ್ಲಿ ಆಗ ಫ್ರೆಂಚರೊಡನೆ ಯುದ್ಧ ನಡೆಯುತ್ತಿತ್ತು. ನಾಲ್ಕು ಪುಟ. ಮೂರು ಪುಟದಲ್ಲಿ ಸುದ್ದಿ, ನಾಲ್ಕನೆಯ ಪುಟ ಖಾಲಿ. ಓದಿದವರು ತಮ್ಮ ಸುದ್ದಿಯನ್ನು ಅಲ್ಲಿ ಕೈಯಲ್ಲಿ ಬರೆದು ದೂರದ ನೆಂಟರಿಗೆ ಕಳಿಸಲಿ ಎಂದು ಬಿಟ್ಟ ಜಾಗ. ಇವತ್ತಿನ ಮಾತಿನಲ್ಲಿ ಹೇಳಬೇಕೆಂದರೆ ಫಾರ್ವರ್ಡ್ ಮಾಡುವ ಪುಟ! ತಪ್ಪು ಸುದ್ದಿ ಬಂದರೆ ಮುಂದಿನ ಸಂಚಿಕೆಯಲ್ಲಿ ತಿದ್ದುತ್ತೇನೆ, ಸುಳ್ಳು ಹುಟ್ಟಿಸಿದವನು ಯಾರೆಂದು ಪತ್ತೆಯಾದರೆ ಅವನ ಹೆಸರನ್ನೂ ಹಾಕುತ್ತೇನೆ ಎಂದು ಹ್ಯಾರಿಸ್ ಮಾತು ಕೊಟ್ಟಿದ್ದ. ಮುಂದಿನ ಸಂಚಿಕೆ ಬರಲೇ ಇಲ್ಲ. ಅನುಮತಿ ಪಡೆದಿಲ್ಲವೆಂದು ನಾಲ್ಕೇ ದಿನದಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು.

ಈ ದಾರಿ ನಮ್ಮ ಕನ್ನಡದವರೆಗೂ ಬಂದಿದೆ. ಸ್ಟ್ರಾಸ್‌ಬರ್ಗ್‌ನಿಂದ ರೈನ್ ನದಿಯ ಗುಂಟ ಮೇಲಕ್ಕೆ ಹೋದರೆ ಬಾಸೆಲ್ ಸಿಗುತ್ತದೆ. ಆ ಊರಿನ ಬಾಸೆಲ್ ಮಿಷನ್‌ನಿಂದ ಬಂದ ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಅದರ ನೆನಪಿಗೇ ನಾವು ಜುಲೈ 1ರಂದು ಪತ್ರಿಕಾ ದಿನ ಆಚರಿಸುವುದು.

ಮಕ್ಕಳೇ, ಇವತ್ತು ನಿಮ್ಮ ಮನೆಯ ಫೋನಿಗೆ ಯುದ್ಧದ ಸುದ್ದಿ ಅರೆಕ್ಷಣದಲ್ಲಿ ಬರುತ್ತದೆ. ಹಳ್ಳ ತುಂಬಿದರೂ ಬರುತ್ತದೆ. ಆದರೆ ಅದರ ನೆತ್ತಿಯ ಮೇಲೆ ಊರು ಇರುವುದಿಲ್ಲ, ತಾರೀಖು ಇರುವುದಿಲ್ಲ. ಎಲ್ಲೋ ಎಂದೋ ತೆಗೆದ ವಿಡಿಯೋ ಇವತ್ತಿನದಾಗಿ ಬರುತ್ತದೆ. ನಾನು ಎಂಟನೇ ಕ್ಲಾಸಿನಲ್ಲಿ ಮಾಡಿದ ತಪ್ಪನ್ನು ಈಗ ದೊಡ್ಡವರೆಲ್ಲ ದಿನಕ್ಕೆ ಹತ್ತು ಸಲ ಮಾಡುತ್ತಾರೆ. ನನ್ನ ಮುಂದೆ ಆ ಅಕ್ಕ ನಿಂತಿದ್ದರು, ನನಗೆ ಪರಿಣಾಮ ಕಣ್ಣಿಗೆ ಕಂಡಿತು. ಫೋನಿನಲ್ಲಿ ಒತ್ತುವವನಿಗೆ ಯಾರು ನೆಲದ ಮೇಲೆ ಕೂತರೆಂಬುದು ಕಾಣುವುದಿಲ್ಲ. ವ್ಯತ್ಯಾಸ ಅಷ್ಟೇ.

ನಮ್ಮ 2002ರ ತಂಡದವರು ಸೇರಿ ಶಾಲೆಗೆ ಒಂದು ಸಣ್ಣ ಕಾಣಿಕೆ ಕೊಡುತ್ತಿದ್ದೇವೆ. ಮುಂದಿನ ಹತ್ತು ವರ್ಷ ಗ್ರಂಥಾಲಯಕ್ಕೆ ಮೂರು ದಿನಪತ್ರಿಕೆಗಳ ಚಂದಾ, ಮತ್ತು ಧ್ವಜಸ್ತಂಭದ ಹತ್ತಿರ ಒಂದು ವಾರ್ತಾಫಲಕ. ಫಲಕದ ಮೇಲೆ ನಾಲ್ಕು ಕಲಂ ಬರೆಸಿದ್ದೇವೆ: ಸುದ್ದಿ, ಎಲ್ಲಿಂದ, ಯಾವ ದಿನದ್ದು, ಯಾರು ಹೇಳಿದ್ದು. ಒಂದು ಕಲಂ ತುಂಬಲು ಬಾರದಿದ್ದರೆ ಆ ಸುದ್ದಿಯನ್ನು ಬರೆಯಬೇಡಿ. ಏನೂ ಇಲ್ಲದ ದಿನ, ಇವತ್ತು ಪೇಪರ್ ಬಂದಿಲ್ಲ ಎಂದು ಬರೆಯಿರಿ. ನಾಚಿಕೆ ಬೇಡ.

ಕೊನೆಯದಾಗಿ ಒಂದು ಮಾತು. ಆ ಅಕ್ಕ ಇವತ್ತು ಇಲ್ಲಿಗೆ ಬಂದಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅಂದು ಮೇಷ್ಟ್ರು ಕ್ಷಮೆ ಕೇಳು ಎಂದಾಗ ನಾನು ತಲೆ ತಗ್ಗಿಸಿ ಏನೋ ಗೊಣಗಿದ್ದೆ, ಅವರಿಗೆ ಕೇಳಿಸಿರಲಾರದು. ಸುಳ್ಳನ್ನು ಮೈಕಿನಲ್ಲಿ ಹೇಳಿ ಕ್ಷಮೆಯನ್ನು ಪಿಸುಮಾತಿನಲ್ಲಿ ಕೇಳುವುದು ಸರಿಯಲ್ಲ. ಅದಕ್ಕೇ ಇವತ್ತು ಅದೇ ಅಂಗಳದಲ್ಲಿ, ಮೈಕಿನ ಮುಂದೆಯೇ ಹೇಳುತ್ತಿದ್ದೇನೆ. ಅಕ್ಕಾ, 1999ರ ಜುಲೈನಲ್ಲಿ ಇಲ್ಲಿ ನಿಂತು ನಾನು ಓದಿದ ವಾರ್ತೆ ಸುಳ್ಳು. ಎಲ್ಲಿಂದ ಬಂತು ಎಂದು ನಾನು ವಿಚಾರಿಸಿರಲಿಲ್ಲ. ತಪ್ಪು ನನ್ನದು. ನಿಮ್ಮ ತಾಯಿಯವರಿಗೂ ದಯವಿಟ್ಟು ತಿಳಿಸಿ.